ಅಮ್ಮ, ಕರೆಂಟ್ ಹೋಗುತ್ತಾ?

ಬೆಳಿಗ್ಗೆ 5.45ಕ್ಕೆ ನಾನು ಅಡುಗೆಮನೆ ಲೈಟ್ ಹಾಕುತ್ತಿದ್ದೆ. ಆ ಸ್ವಿಚ್ಚಿನ ಸದ್ದಿಗೇ ಪುಟ್ಟನಿಗೆ ಎಚ್ಚರ ಆಗುತ್ತಿತ್ತು. ಹಾಸಿಗೆಯಿಂದಲೇ ಕೂಗುತ್ತಿದ್ದ, "ಅಮ್ಮ, ಕರೆಂಟ್ ಹೋಗುತ್ತಾ?" ಹಲ್ಲುಜ್ಜುವಾಗ ಅದೇ ಮಾತು. ಉಪ್ಪಿಟ್ಟಿನ ತಟ್ಟೆ ಮುಂದೆ ಕೂತರೂ ಅದೇ. ಶಾಲೆಯ ಆಟೋ ಬರುವ ಹೊತ್ತಿಗೆ ನಾನು ಏನಿಲ್ಲ ಅಂದರೂ ಇಪ್ಪತ್ತು ಸಲ ಉತ್ತರ ಕೊಟ್ಟಿರುತ್ತಿದ್ದೆ. ಆಗ ಅವನಿಗೆ 8 ವರ್ಷ. ಈಗ 11.

ಈ ಮೂರು ವರ್ಷದಲ್ಲಿ ನಾವು ಏನು ಮಾಡಿದೆವು, ಏನು ತಪ್ಪು ಮಾಡಿದೆವು, ಯಾವುದು ಕೈ ಹಿಡಿಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ಇಂಥ ಮಗು ಇರುವ ಮನೆಯವರಿಗೆ ಆ ದಣಿವು ಎಂಥದ್ದು ಅಂತ ಗೊತ್ತಿರುತ್ತದೆ. ಬೇರೆಯವರಿಗೆ ಹೇಳಿದರೆ "ಅಷ್ಟೇ ತಾನೇ, ಕೇಳಿದರೆ ಕೇಳಲಿ ಬಿಡಿ" ಅಂದುಬಿಡುತ್ತಾರೆ.

ನಾವಿರುವುದು ಚಿಕ್ಕಬಳ್ಳಾಪುರದಲ್ಲಿ. ನನ್ನ ಅಜ್ಜಿಯ ಊರು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ರೇಷ್ಮೆ ಸಾಕುವ ಮನೆ. ಅಲ್ಲಿ ನನ್ನ ಸೋದರಮಾವ ಒಬ್ಬರಿದ್ದರು. ಶಾಲೆ ಹತ್ತಲಿಲ್ಲ, ಮದುವೆ ಆಗಲಿಲ್ಲ. ಉದ್ದ ಮುಖ, ದೊಡ್ಡ ಕಿವಿ, ಯಾರ ಕಣ್ಣನ್ನೂ ನೇರ ನೋಡುತ್ತಿರಲಿಲ್ಲ. ಅವರದು ಒಂದೇ ಮಾತು. "ಹುಳ ಹಣ್ಣಾಯ್ತಾ?" ರೇಷ್ಮೆ ಹುಳ ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ನಾಲ್ಕು ಹಂತ, ದಾಟಿ, ಸೊಪ್ಪು ತಿನ್ನುವುದು ಬಿಟ್ಟು, ಮೈ ಮಿರುಗೋಕೆ ಶುರುವಾದರೆ ಹಣ್ಣಾಯಿತು ಅನ್ನುತ್ತಾರೆ. ಆಗ ಮನೆಮಂದಿಯೆಲ್ಲ ಕೂತು ಹುಳ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟೆಗೆ ಬಿಡಬೇಕು. ನಮ್ಮ ಮಾವ ಮಾತ್ರ ಮನೆಯಲ್ಲಿ ಒಂದು ಹುಳ ಇಲ್ಲದ ದಿನವೂ ಅದನ್ನೇ ಕೇಳುತ್ತಿದ್ದರು. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ದಾರಿಯಲ್ಲಿ ಸಿಕ್ಕವರ ಹತ್ತಿರ. ಊರವರು ಅವರಿಗೆ ಇಟ್ಟ ಹೆಸರು ಕಿಸಬಾಯಿದಾಸ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಅಂತೀವಲ್ಲ, ಅದು. ಚಿಕ್ಕವಳಿದ್ದಾಗ ನಾನೂ ಹಾಗೆ ಕರೆದಿದ್ದೇನೆ. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಪುಟ್ಟನಿಗೆ ಮಾತು ಬಂದಿದ್ದು ತಡ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ಯೋಜನೆಯಲ್ಲಿ ಅಂಗನವಾಡಿಗೆ ಬಂದ ಡಾಕ್ಟರ ತಂಡವೇ ಮೊದಲು "ಇವನನ್ನು ತೋರಿಸಿ" ಅಂತ ಚೀಟಿ ಬರೆದುಕೊಟ್ಟಿದ್ದು. ಅಲ್ಲಿಂದ ಜಿಲ್ಲಾ ಆಸ್ಪತ್ರೆ, ಆಮೇಲೆ ಬೆಂಗಳೂರು. ಒಂದು ಕಡೆ ಆಟಿಸಂ ಲಕ್ಷಣ ಅಂದರು. ಇನ್ನೊಂದು ಕಡೆ "ಮಾತು ಬರುತ್ತೆ ಬಿಡಿ" ಅಂತ ಕಳಿಸಿದರು. ಮಾತು ಬಂತು ನಿಜ. ಬಂದ ಮೇಲೆ ಈ ಪ್ರಶ್ನೆ ಹಿಡಿಯಿತು.

ಅವನಿಗೆ 7 ತುಂಬಿದ ಮೇಲೆ ಸಿಕ್ಕ ಒಬ್ಬ ಡಾಕ್ಟರು ಅವನ ಬೆರಳುಗಳನ್ನು ಹಿಂದಕ್ಕೆ ಬಾಗಿಸಿ ನೋಡಿದರು. ಸಲೀಸಾಗಿ ಬಾಗಿದವು. ಕಿವಿ ನೋಡಿದರು. ಆಮೇಲೆ ನನ್ನನ್ನು ಕೇಳಿದರು, "ನಿಮ್ಮ ತಾಯಿ ಕಡೆ ಹೀಗೇ ಯಾರಾದರೂ ಇದ್ದರಾ?" ನಾನು ಮಾವನ ವಿಷಯ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಗಂಟಲು ಕಟ್ಟಿತು. ಅವರು ರಕ್ತ ಪರೀಕ್ಷೆಗೆ ಬರೆದರು. ಕೆಲವು ವಾರ ಬಿಟ್ಟು ರಿಪೋರ್ಟ್ ಬಂತು. ಫ್ರಾಜೈಲ್ ಎಕ್ಸ್ ಸಿಂಡ್ರೋಮ್.

ಡಾಕ್ಟರು ಬಿಳಿ ಹಾಳೆಯ ಮೇಲೆ ಬರೆದು ತೋರಿಸಿದರು. ನಮ್ಮ ಎಕ್ಸ್ ಕ್ರೋಮೋಸೋಮ್ ಮೇಲೆ ಎಫ್‌ಎಂಆರ್1 ಅನ್ನುವ ಒಂದು ಜೀನ್ ಇದೆ. 1991ರಲ್ಲಿ ಪತ್ತೆಯಾದದ್ದು. ಅದರ ಒಂದು ಜಾಗದಲ್ಲಿ ಸಿ-ಜಿ-ಜಿ ಅನ್ನುವ ಮೂರು ಅಕ್ಷರ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನವರಲ್ಲಿ ಸುಮಾರು 30 ಸಲ. 200ಕ್ಕಿಂತ ಜಾಸ್ತಿಯಾದರೆ ಆ ಜೀನ್ ಮುಚ್ಚಿಕೊಳ್ಳುತ್ತದೆ. ಮಿದುಳಿನ ಕೋಶಗಳ ನಡುವಿನ ಬೆಸುಗೆಗೆ ಬೇಕಾದ ಒಂದು ಪ್ರೋಟೀನ್ ತಯಾರಾಗುವುದಿಲ್ಲ. ನಡುವೆ, 55ರಿಂದ 200ರವರೆಗೆ ಇದ್ದರೆ ಕ್ಯಾರಿಯರ್, ಅಂದರೆ ತಮಗೆ ಈ ಸಿಂಡ್ರೋಮ್ ಇಲ್ಲದಿದ್ದರೂ ಮಕ್ಕಳಿಗೆ ದಾಟಿಸಬಲ್ಲವರು. ತಾಯಿಯಿಂದ ಮಗುವಿಗೆ ಹೋಗುವಾಗ ಆ ಸಂಖ್ಯೆ ಬೆಳೆಯಬಹುದು. ಹೆಣ್ಣುಮಕ್ಕಳಿಗೆ ಎರಡು ಎಕ್ಸ್ ಇರುವುದರಿಂದ ಹೊಡೆತ ಸ್ವಲ್ಪ ಕಮ್ಮಿ. ಗಂಡುಮಕ್ಕಳಿಗೆ ಇರುವುದು ಒಂದೇ.

ಅವರು ಬರೆದ ಸಿಜಿಜಿ ಸಿಜಿಜಿ ಸಿಜಿಜಿ ಸಾಲು ಹಾಳೆಯ ಅಂಚು ಮುಟ್ಟಿ ಕೆಳಗಿನ ಸಾಲಿಗೆ ಇಳಿಯಿತು. ಪಕ್ಕದಲ್ಲಿ ಪುಟ್ಟ ಮೂರನೇ ಸಲ, ನಾಲ್ಕನೇ ಸಲ ಕರೆಂಟ್ ಕೇಳುತ್ತಿದ್ದ. ನಾನು ಹಾಳೆ ನೋಡಿದೆ, ಅವನನ್ನು ನೋಡಿದೆ. ಅಲ್ಲಿಯವರೆಗೆ ನಾನು ಅವನನ್ನು ಹಟಮಾರಿ ಅಂದುಕೊಂಡಿದ್ದೆ.

ನನ್ನ ರಕ್ತವನ್ನೂ ಪರೀಕ್ಷೆ ಮಾಡಿದರು. ನಾನು ಕ್ಯಾರಿಯರ್. ನಮ್ಮ ಬಳಗದಲ್ಲಿ ಕೆಲವರು "ಅವಳ ಕಡೆಯಿಂದ ಬಂದಿದ್ದು" ಅಂದರು. ಯಜಮಾನರು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರು, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಇಂಥ ರಿಪೋರ್ಟ್ ಬಂದರೆ ಅಕ್ಕ ತಂಗಿಯರಿಗೆ ಮುಚ್ಚಿಡಬೇಡಿ. ಕ್ಯಾರಿಯರ್ ಆದ ಹೆಂಗಸರಲ್ಲಿ ಕೆಲವರಿಗೆ ಮುಟ್ಟು ಬೇಗ ನಿಂತುಬಿಡುತ್ತದೆ. ಕ್ಯಾರಿಯರ್ ಆದ ಗಂಡಸರಲ್ಲಿ ಕೆಲವರಿಗೆ ಐವತ್ತು ದಾಟಿದ ಮೇಲೆ ಕೈ ನಡುಕ, ನಡಿಗೆಯ ತೊಂದರೆ ಬರುವುದುಂಟು. ಗೊತ್ತಿದ್ದರೆ ಒಳ್ಳೆಯದಲ್ವಾ? ನನ್ನ ತಂಗಿಗೆ ಅವತ್ತೇ ಫೋನ್ ಮಾಡಿದೆ.

ರಿಪೋರ್ಟಿನಿಂದ ಪ್ರಶ್ನೆ ನಿಲ್ಲಲಿಲ್ಲ. ನಿಲ್ಲಿಸಲು ನಾವು ಅದಾಗಲೇ ಮೂರು ದಾರಿ ಹಿಡಿದು ನೋಡಿದ್ದೆವು. ಮೊದಲನೆಯದು ಗದರುವುದು. ಒಂದು ನಿಮಿಷ ಸುಮ್ಮನಾಗುತ್ತಿದ್ದ, ಆಮೇಲೆ ಪಿಸುಮಾತಿನಲ್ಲಿ ಕೇಳುತ್ತಿದ್ದ. ಎರಡನೆಯದು "ಹೋಗಲ್ಲ ಕಂದ, ಹೋಗಲ್ಲ" ಅಂತ ಸಮಾಧಾನ ಮಾಡುವುದು. ಸಂಜೆ ಕರೆಂಟ್ ಹೋಗಿಯೇ ಹೋಗುತ್ತಿತ್ತು. ಫ್ಯಾನ್ ನಿಧಾನವಾಗಿ ನಿಲ್ಲುವುದನ್ನು ಅವನು ಬಾಯಿ ತೆರೆದುಕೊಂಡು ನೋಡುತ್ತಿದ್ದ. ಅಮ್ಮ ಹೇಳಿದ್ದು ಸುಳ್ಳಾಯಿತು. ಮಾರನೇ ದಿನ ಕೇಳುವುದು ಇನ್ನೂ ಜಾಸ್ತಿ. ಮೂರನೆಯದು ಯಾರೋ ಕೊಟ್ಟ ಸಲಹೆ. ಉತ್ತರವನ್ನೇ ಕೊಡಬೇಡಿ, ತಾನಾಗಿ ಬಿಡುತ್ತಾನೆ ಅಂತ. ಒಂದು ವಾರ ಮಾಡಿದೆವು. ಅದು ನಮ್ಮ ಮನೆಯ ಅತಿ ಕೆಟ್ಟ ವಾರ. ಅವನು ನನ್ನ ಗಲ್ಲ ಹಿಡಿದು ತಿರುಗಿಸಿ ಕೇಳಿದ. ಕಿರುಚಿದ. ತನ್ನ ಕೈಯ ಹೆಬ್ಬೆರಳಿನ ಬುಡ ಕಚ್ಚಿಕೊಂಡು ರಕ್ತ ಬಂತು. ಆ ಗಾಯದ ಗುರುತು ಈಗಲೂ ಇದೆ.

ಶಾಲೆಯಲ್ಲಿ ಇದೇ ಕಾರಣಕ್ಕೆ ಅವನನ್ನು ಎಷ್ಟೋ ದಿನ ಬಾಗಿಲ ಹೊರಗೆ ಕೂರಿಸಿದ್ದರು ಅಂತ ಆಮೇಲೆ ತಿಳಿಯಿತು.

ಪ್ರತಿ ಶನಿವಾರ ಬಸ್ಸಿನಲ್ಲಿ ಬೆಂಗಳೂರಿಗೆ ಸ್ಪೀಚ್ ಥೆರಪಿಗೆ ಹೋಗಲು ಶುರು ಮಾಡಿದೆವು. ಸುಮಾರು 60 ಕಿಲೋಮೀಟರ್. ಥೆರಪಿ ಮೇಡಂ ಮೊದಲ ದಿನವೇ ಒಂದು ಹೆಸರು ಹೇಳಿದರು. ಹೀಗೆ ಒಂದೇ ಮಾತಿಗೆ ಸಿಕ್ಕಿಕೊಳ್ಳುವುದಕ್ಕೆ ಪರ್ಸೆವರೇಶನ್ ಅಂತಾರೆ. ಪಾರ್ಶ್ವವಾಯು ಆದವರಲ್ಲಿ, ಮರೆವಿನ ಕಾಯಿಲೆಯಲ್ಲಿ, ತಲೆಗೆ ಪೆಟ್ಟು ಬಿದ್ದವರಲ್ಲಿ, ಆಟಿಸಂನಲ್ಲಿ ಎಲ್ಲ ಕಡೆಯೂ ಇದು ಕಾಣುತ್ತದೆ. ಫ್ರಾಜೈಲ್ ಎಕ್ಸ್ ಮಕ್ಕಳಲ್ಲಿ ತುಂಬಾ ಸಾಮಾನ್ಯ. ಮಾತು ಒಮ್ಮೆ ಶುರುವಾದರೆ ಅದಕ್ಕೆ ಬ್ರೇಕ್ ಹಾಕುವ ಶಕ್ತಿ ಅವರ ಮಿದುಳಿಗೆ ಕಮ್ಮಿ. ಜೊತೆಗೆ ಆತಂಕ ಬೇಗ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಇವೆರಡೂ ಸೇರಿಕೊಂಡರೆ ಹೀಗಾಗುತ್ತದೆ.

ನಾನು ಕೇಳಿದೆ, "ಮೇಡಂ, ಇದು ಟೇಪ್ ರೆಕಾರ್ಡರ್ ಥರ ಸುಮ್ನೆ ಓಡ್ತಾ ಇದೆಯಾ?"

ಅವರು ತಿರುಗಿಸಿ ಕೇಳಿದರು. "ಅಜ್ಜಿ ಹತ್ತಿರ ಯಾವ ಭಾಷೆಯಲ್ಲಿ ಕೇಳ್ತಾನೆ?"

ನಮ್ಮ ಅತ್ತೆಯದು ತೆಲುಗು. ನಮ್ಮ ಕಡೆ ಒಂದೇ ಮನೆಯಲ್ಲಿ ಎರಡು ಭಾಷೆ ಹೊಸದಲ್ಲ. ಪುಟ್ಟ ಅವರ ಹತ್ತಿರ ಹೋಗಿ "ಅವ್ವಾ, ಕರೆಂಟು ಪೋತುಂದಾ?" ಅನ್ನುತ್ತಾನೆ. ನನ್ನ ಹತ್ತಿರ ಬಂದರೆ ಕನ್ನಡ. ಒಂದು ಸಲವೂ ತಪ್ಪಿದ್ದಿಲ್ಲ. ಇದನ್ನು ನಾನು ದಿನಾ ಕೇಳುತ್ತಿದ್ದೆ, ಆದರೆ ಅದರ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಎದುರಿಗೆ ಯಾರಿದ್ದಾರೆ ಅಂತ ನೋಡಿ ಭಾಷೆ ಬದಲಿಸುವ ಹುಡುಗ ಸುಮ್ನೆ ಬಾಯಿ ಆಡಿಸುತ್ತಿಲ್ಲ. ಆ ಮನುಷ್ಯರಿಂದ ಅವನಿಗೆ ಏನೋ ಬೇಕು. ಅಂದಹಾಗೆ, ಎರಡು ಭಾಷೆಯಿಂದ ಮಗುವಿಗೆ ಗೊಂದಲ ಆಗುತ್ತೆ, ತೆಲುಗು ನಿಲ್ಲಿಸಿ ಅಂತ ಹೇಳಿದವರೂ ಇದ್ದರು. ಮೇಡಂ ಅದನ್ನು ಒಪ್ಪಲಿಲ್ಲ. ಎರಡು ಭಾಷೆಯಿಂದ ಇಂಥ ಮಕ್ಕಳ ಮಾತು ಕೆಡುವುದಿಲ್ಲ, ಅಜ್ಜಿಯ ಭಾಷೆ ಕಿತ್ತುಕೊಂಡರೆ ಅಜ್ಜಿಯನ್ನೇ ಕಿತ್ತುಕೊಂಡ ಹಾಗೆ ಅಂದರು.

ಮನೆಗೆ ಒಂದು ಕೆಲಸ ಕೊಟ್ಟರು. ಎರಡು ವಾರ ಏನನ್ನೂ ಬದಲಿಸಬೇಡಿ, ಬರೀ ಬರೆಯಿರಿ. ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಯ್ತು, ನೀವೇನಂದಿರಿ, ಯಾವಾಗ ನಿಂತಿತು. ಒಂದು ಉದ್ದ ನೋಟ್‌ಬುಕ್ ತಂದು ಫ್ರಿಜ್ ಮೇಲೆ ಇಟ್ಟೆ. ಆಗ ಬರೆದದ್ದು ಹೀಗಿದೆ:

"ಸೋಮವಾರ ಬೆಳಿಗ್ಗೆ. ಆಟೋ ಬಂದಿಲ್ಲ. 9 ಸಲ. ಆಟೋ ಬಂತು, ನಿಂತಿತು."

"ಬುಧವಾರ ಸಂಜೆ. ಪಕ್ಕದ ಮನೆ ಆಂಟಿ ಬಂದರು. ಬಾಗಿಲಲ್ಲೇ ಕೇಳಿದ. ಆಂಟಿ ಹೂಂ ಕಣೋ ಅಂದು ತಲೆ ಸವರಿದರು. ಎರಡಕ್ಕೇ ನಿಂತಿತು. ನಗುತ್ತಿದ್ದ."

"ಗುರುವಾರ ರಾತ್ರಿ. ನಾನೂ ಅವರೂ ದುಡ್ಡಿನ ವಿಷಯಕ್ಕೆ ಜೋರಾಗಿ ಮಾತಾಡಿದೆವು. 14 ಸಲ. ಕೈ ಬಾಯಿಗೆ ಹೋಯಿತು."

"ಶುಕ್ರವಾರ ಸಂಜೆ. ಮೋಡ, ಗಾಳಿ. ಕಿಟಕಿ ಹತ್ತಿರ ನಿಂತು ಕೇಳಿದ. ಲೆಕ್ಕ ತಪ್ಪಿತು."

ಶನಿವಾರ ಮೇಡಂ ನೋಟ್‌ಬುಕ್ ನೋಡುತ್ತಾ ಒಂದೊಂದು ಸಾಲಿನ ಪಕ್ಕಕ್ಕೂ ಪೆನ್ಸಿಲ್ಲಿನಲ್ಲಿ ಒಂದೊಂದು ಪದ ಬರೆದರು. ಕಾಯುವುದು. ನಮಸ್ಕಾರ. ಭಯ. ಕರೆಂಟ್. ಅಂದರೆ ಕರೆಂಟಿನ ಬಗ್ಗೆಯೇ ಕೇಳಿದ್ದು ನಾಲ್ಕರಲ್ಲಿ ಒಂದು ಮಾತ್ರ. ಆಂಟಿ ಬಂದಾಗ ಅವನು ಹೇಳಿದ್ದು "ಬನ್ನಿ, ಕೂತ್ಕೊಳ್ಳಿ" ಅಂತ. ಆಟೋ ತಡವಾದಾಗ "ಇದು ಬರುತ್ತೋ ಇಲ್ವೋ, ನನಗೆ ಆಗ್ತಿಲ್ಲ" ಅಂತ. ನಾವು ಜಗಳ ಆಡಿದಾಗ "ನಿಲ್ಲಿಸಿ" ಅಂತ. ಅವನ ಬಾಯಿಗೆ ಸಲೀಸಾಗಿ ಬರುತ್ತಿದ್ದದ್ದು ಒಂದೇ ವಾಕ್ಯ. ಇರುವ ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ತುಂಬಿ ನಮ್ಮ ಮುಂದೆ ಹಿಡಿಯುತ್ತಿದ್ದ. ಬಸ್ಸಿನಲ್ಲಿ ವಾಪಸ್ ಬರುವಾಗ ಅವನು ಮತ್ತೆ ಕೇಳಿದ. ಅವತ್ತು ಮೊದಲ ಸಲ ನಾನು ಉತ್ತರ ಕೊಡುವ ಮುಂಚೆ ಅವನ ಮುಖ ನೋಡಿದೆ.

ಅಲ್ಲಿಂದ ಚಿಕಿತ್ಸೆ ಅಂದರೆ ಒಂದೊಂದಕ್ಕೆ ಒಂದೊಂದು ದಾರಿ.

ಕರೆಂಟಿನ ನಿಜವಾದ ಭಯಕ್ಕೆ ನಿಜವಾದ ಉತ್ತರ. "ಹೋಗಬಹುದು. ಹೋದರೆ ಟಾರ್ಚ್ ಇದೆ. ಆಮೇಲೆ ಬರುತ್ತೆ." ಇಷ್ಟೇ. ಮನೆಯಲ್ಲಿ ಎಲ್ಲರೂ ಇದೇ ಪದ, ಇದೇ ದನಿ. ಒಂದು ರಟ್ಟಿನ ಮೇಲೆ ಮೂರು ಚಿತ್ರ ಅಂಟಿಸಿದೆವು. ಆರಿದ ಬಲ್ಬ್, ಟಾರ್ಚ್, ಉರಿಯುವ ಬಲ್ಬ್. ಮೊದಲ ಸಲ ಕೇಳಿದರೆ ಬಾಯಲ್ಲಿ ಉತ್ತರ. ಎರಡನೇ ಸಲ ರಟ್ಟಿನ ಕಡೆ ಬೆರಳು. ಮೂರನೇ ಸಲ ನಾನು ಶುರು ಮಾಡಿ ಅರ್ಧಕ್ಕೆ ನಿಲ್ಲಿಸುತ್ತೇನೆ, "ಕರೆಂಟ್ ಹೋದರೆ ನಾವು…" ಅವನು "ಟಾರ್ಚ್!" ಅಂತ ತುಂಬುತ್ತಾನೆ. ನೇರವಾಗಿ "ಹೇಳು" ಅಂದರೆ ಅವನ ಬಾಯಿ ಕಟ್ಟುತ್ತದೆ. ಬಿಟ್ಟ ಜಾಗ ಕೊಟ್ಟರೆ ತಾನಾಗಿ ಬರುತ್ತದೆ. ಫ್ರಾಜೈಲ್ ಎಕ್ಸ್ ಮಕ್ಕಳಿಗೆ ಇದು ಚೆನ್ನಾಗಿ ಒಗ್ಗುತ್ತದೆ ಅಂತ ಮೇಡಂ ಹೇಳಿದ್ದು ನಮ್ಮ ಮನೆಯಲ್ಲಂತೂ ನಿಜವಾಯಿತು.

ಪೇಪರಿನಲ್ಲಿ "ವಿದ್ಯುತ್ ವ್ಯತ್ಯಯ" ಅಂತ ಪ್ರಕಟಣೆ ಬರುತ್ತದಲ್ಲ, ಯಜಮಾನರು ಅದನ್ನು ಹುಡುಕಿ ಕತ್ತರಿಸಿ ಕ್ಯಾಲೆಂಡರಿನ ಆ ತಾರೀಖಿನ ಮೇಲೆ ಅಂಟಿಸಲು ಶುರು ಮಾಡಿದರು. ಅವನಿಗೆ ಓದಲು ಪೂರ್ತಿ ಬರುವುದಿಲ್ಲ. ಆದರೆ ಆ ಚೀಟಿ ಗುರುತು ಹಿಡಿಯುತ್ತಾನೆ. ಗೊತ್ತಿರುವ ದಿನ ಕರೆಂಟ್ ಹೋದರೆ ಅವನಿಗೆ ಅಷ್ಟು ದಿಗಿಲಿಲ್ಲ. ಗೊತ್ತಿಲ್ಲದೆ ಹೋಗುವುದೇ ಕಷ್ಟ.

ಎದುರೆದುರು ಕೂರಿಸಿಕೊಂಡು "ನನ್ನ ಮುಖ ನೋಡಿ ಮಾತಾಡು" ಅನ್ನುವುದನ್ನು ಪೂರ್ತಿ ಬಿಟ್ಟೆವು. ಕಣ್ಣಿಗೆ ಕಣ್ಣು ಸೇರಿಸುವುದೇ ಈ ಮಕ್ಕಳಿಗೆ ದೊಡ್ಡ ಒತ್ತಡ. ಬಸ್ಸಿನ ಕಿಟಕಿ ಪಕ್ಕ, ಇಬ್ಬರೂ ಮುಂದೆ ನೋಡುತ್ತಾ ಕೂತಾಗ ಅವನ ಮಾತು ಎಷ್ಟು ಸರಾಗ ಅಂತ ನಾನು ಗಮನಿಸಿದ್ದೆ. ದೇವನಹಳ್ಳಿ ಹತ್ತಿರ ವಿಮಾನ ಕಂಡರೆ ಅದರ ಬಗ್ಗೆ ಹೊಸ ಹೊಸ ಮಾತು ಬರುತ್ತಿತ್ತು. ಮನೆಯಲ್ಲೂ ಹಾಗೇ ಮಾಡಿದೆ. ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ಮಾತು. ಕಣ್ಣು ಕಾಯಿಯ ಮೇಲೆ, ಕೈಗೆ ಕೆಲಸ.

ಕಾಯುವ ಹೊತ್ತಿಗೆ ಭಾರದ ಕೆಲಸ ಕೊಡುತ್ತೇವೆ. ಆಟೋ ಬರುವ ಮುಂಚೆ ನಲ್ಲಿಯಿಂದ ಗಿಡಗಳಿಗೆ ಬಕೆಟ್ ನೀರು ಹೊರುತ್ತಾನೆ. ಹೊತ್ತು ಎಳೆದು ದಬ್ಬುವ ಕೆಲಸ ಅವನ ಮೈಯನ್ನು ತಣ್ಣಗೆ ಮಾಡುತ್ತದೆ. ಮೈ ತಣ್ಣಗಾದರೆ ಪ್ರಶ್ನೆಯೂ ಕಮ್ಮಿ.

ನೆಂಟರು ಬಂದಾಗ ಹೇಳಲು ಬೇರೆ ಮಾತು ಕಲಿಸಿದೆವು. "ಕಾಫಿ ಕುಡೀತೀರಾ?" ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಬಂದವರಿಗೂ ಮೊದಲೇ ಹೇಳಿಟ್ಟೆವು, ಅವನು ಕೇಳಿದರೆ ಕುಡೀತೀನಿ ಅನ್ನಿ ಅಂತ. ಕೆಲವು ದಿನ "ಕಾಫಿ ಕುಡೀತೀರಾ" ಅನ್ನುವುದೇ ಹೊಸ ಸುತ್ತು ಆಯಿತು. ನಾನು ಹೆದರಿದೆ. ಮೇಡಂ ಹೆದರಲಿಲ್ಲ. ಒಂದು ವಾಕ್ಯ ಇದ್ದ ಹುಡುಗನ ಹತ್ತಿರ ಈಗ ಎರಡಿದೆ ಅಂದರು.

ದಿನಾ ಸಂಜೆ 7 ಗಂಟೆಗೆ ಹತ್ತು ನಿಮಿಷ "ಕರೆಂಟ್ ಟೈಮ್". ಆಗ ಎಷ್ಟು ಬೇಕಾದರೂ ಕೇಳಬಹುದು. ಅವರಪ್ಪ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಬರೆದು ತೋರಿಸುತ್ತಾರೆ. ಹಗಲಲ್ಲಿ ಜಾಸ್ತಿಯಾದರೆ "ಏಳು ಗಂಟೆಗೆ" ಅನ್ನುತ್ತೇವೆ. ಅವನಿಗೆ ಇಷ್ಟವಾದ ವಿಷಯವನ್ನು ಕಿತ್ತುಕೊಂಡಿಲ್ಲ, ಅದಕ್ಕೊಂದು ಜಾಗ ಮಾಡಿದ್ದೇವೆ.

ಮಾತ್ರೆಯ ವಿಷಯ ಬಹಳ ಜನ ಕೇಳುತ್ತಾರೆ. ಒಂದೇ ಮಾತು ಆಡುವುದನ್ನು ನಿಲ್ಲಿಸುವ ಮಾತ್ರೆ ಇಲ್ಲ. ಫ್ರಾಜೈಲ್ ಎಕ್ಸ್ ವಾಸಿ ಮಾಡುವ ಔಷಧಿಯೂ ಇಲ್ಲ. ಆತಂಕಕ್ಕೆ ಡಾಕ್ಟರು ತುಂಬಾ ಕಡಿಮೆ ಡೋಸಿನ ಮಾತ್ರೆ ಕೊಟ್ಟರು. ಮೊದಮೊದಲು ಚಡಪಡಿಕೆ ಜಾಸ್ತಿಯಾಗಿ ಡೋಸ್ ಇಳಿಸಬೇಕಾಯಿತು. ಕೆಲವು ವಾರದ ನಂತರ ಕೈ ಕಚ್ಚಿಕೊಳ್ಳುವುದು ನಿಂತಿತು. ನಮಗೆ ಅದು ದೊಡ್ಡದು. ಬೇರೆ ಮಗುವಿಗೆ ಬೇಕೋ ಬೇಡವೋ ಅವರ ಡಾಕ್ಟರೇ ನೋಡಿ ಹೇಳಬೇಕು.

ಇಂಥ ಮಕ್ಕಳ ಕಲಿಕೆಗೆ ನೆರವಾಗಲು ಶಾಲೆಗೆ ಬರುವ ಬಿಐಇಆರ್‌ಟಿ ಟೀಚರ್ ಆ ಮೂರು ಚಿತ್ರದ ರಟ್ಟಿನ ಇನ್ನೊಂದು ಪ್ರತಿ ಮಾಡಿಸಿ ಅವನ ಡೆಸ್ಕಿಗೆ ಅಂಟಿಸಿದರು. ಬಾಗಿಲ ಹೊರಗೆ ಕೂರಿಸುವುದು ನಿಂತಿತು.

ಹೋದ ಯುಗಾದಿಗೆ ಅಜ್ಜಿಯ ಊರಿಗೆ ಹೋಗಿದ್ದೆವು. ಮಾವ ಈಗಿಲ್ಲ. ಅಜ್ಜಿಯೂ ಇಲ್ಲ. ಹುಳದ ಮನೆಯಲ್ಲಿ ಹಳೆಯ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಅಮ್ಮ ಅದನ್ನು ನೋಡಿ ತಾನಾಗಿ ಹೇಳಿದರು. ಮಾವ "ಹುಳ ಹಣ್ಣಾಯ್ತಾ" ಅಂತ ಶುರು ಮಾಡಿದರೆ ಊರೆಲ್ಲ ನಗುತ್ತಿದ್ದರು, ಅಜ್ಜಿ ಮಾತ್ರ ಉತ್ತರ ಕೊಡುತ್ತಿದ್ದರಂತೆ. "ಇನ್ನೂ ಎರಡು ದಿನ ಐತೆ ಕಣಪ್ಪ. ಬಾ, ಸೊಪ್ಪು ಹೊತ್ಕೊಂಡು ಬರಾನ." ಹಿಪ್ಪುನೇರಳೆ ಸೊಪ್ಪಿನ ಹೊರೆ ಅವರ ತಲೆಗೆ ಹೊರಿಸಿದರೆ ಮನೆ ತಲುಪುವವರೆಗೆ ಮಾವ ತುಟಿ ಪಿಟಕ್ಕೆನ್ನುತ್ತಿರಲಿಲ್ಲವಂತೆ. ಹುಳ ಹಣ್ಣಾಗುವ ದಿನ ಮನೆ ತುಂಬಾ ಆಳುಗಳು, ಗಲಾಟೆ, ರಾತ್ರಿ ನಿದ್ದೆ ಇಲ್ಲ. ಮಾವನಿಗೆ ಆ ದಿನ ಕಂಡರೆ ದಿಗಿಲಿತ್ತೋ, ಇಲ್ಲಾ ಎಲ್ಲರೂ ತನ್ನ ಜೊತೆ ಕೂರುವ ಆ ದಿನಕ್ಕೇ ಕಾಯುತ್ತಿದ್ದರೋ? ಅಮ್ಮನನ್ನು ಕೇಳಿದೆ. "ಯಾರು ಕೇಳಿದ್ವಿ ಅವನನ್ನ" ಅಂದರು. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆವು.

ಈಗಲೂ ಪುಟ್ಟ ಕೇಳುತ್ತಾನೆ. ಬೆಳಿಗ್ಗೆ ಮೂರೋ ನಾಲ್ಕೋ ಸಲ. ಮಳೆಗಾಲದಲ್ಲಿ ಜಾಸ್ತಿ.

ಹೋದ ವಾರ ಗುಡುಗು ಜೋರಾಗಿತ್ತು. ಎಂಟು ಗಂಟೆ ಹೊತ್ತಿಗೆ ಕರೆಂಟ್ ಹೋಯಿತು. ನಾನು ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ, ಕೈ ಬಿಟ್ಟು ಬರುವ ಹಾಗಿರಲಿಲ್ಲ. ಕತ್ತಲಲ್ಲಿ ಮೊಳೆಯಿಂದ ಟಾರ್ಚ್ ತೆಗೆದ ಸದ್ದು ಕೇಳಿಸಿತು. ಬೆಳಕು ನಡುಮನೆ ದಾಟಿ ಅತ್ತೆಯ ರೂಮಿನ ಕಡೆ ಹೋಯಿತು. "ಅವ್ವಾ, ಕರೆಂಟು ಪೋಯಿಂದಿ" ಅಂದ. ಹೋಯಿತು ಅಂತ ಹೇಳಿದ, ಕೇಳಲಿಲ್ಲ. ಒಂದು ಕ್ಷಣ ಬಿಟ್ಟು ಹೊಸ ಪ್ರಶ್ನೆ ಬಂತು. "ವಸ್ತುಂದಾ?" ಬರುತ್ತಾ?

"ವಸ್ತುಂದಿ ನಾಯನಾ" ಅಂದರು ಅತ್ತೆ.

ಆ ರಾತ್ರಿ ಅದನ್ನು ಆರು ಸಲ ಕೇಳಿದ. ಕರೆಂಟ್ ಬಂದ ಮೇಲೆ ಫ್ರಿಜ್ ಮೇಲಿನ ನೋಟ್‌ಬುಕ್ ತೆಗೆದು, ತಾರೀಖು ಹಾಕಿ, ಆ ಹೊಸ ಮಾತನ್ನು ಬರೆದಿಟ್ಟೆ.